ತೆರೆಯ ಮೇಲಿನ ಮುದಿ ವಿಮಾನಗಳು

ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದಲ್ಲಿ ಶೇಂಗಾ ಹೊಲಕ್ಕೂ ಆಕಾಶಕ್ಕೂ ನಡುವೆ ಕಣ್ಣಿಗೆ ಅಡ್ಡಬರುವಂಥದು ಬಹಳವೇನಿಲ್ಲ; ಅಲ್ಲೊಂದು ಇಲ್ಲೊಂದು ಕಲ್ಲುಗುಡ್ಡ, ಅಷ್ಟೆ. ಮೇಲೆ ವಿಮಾನವೊಂದು ಮೊರೆದರೆ ಕಳೆ ತೆಗೆಯುವವರು ಒಮ್ಮೆ ತಲೆಯೆತ್ತಿ ನೋಡಿಯೇ ನೋಡುತ್ತಾರೆ. ಪಕ್ಕದ ಚಳ್ಳಕೆರೆಯಲ್ಲಿ 2017ರಲ್ಲಿ ವೈಮಾನಿಕ ಪರೀಕ್ಷಾ ಕೇಂದ್ರವೇ ಆರಂಭವಾಯಿತಾದರೂ ಈ ಕುತೂಹಲ ಅಳಿದಿಲ್ಲ. ಆದರೆ ನನ್ನ ಸೋದರಮಾವನವರು ತಲೆ ಎತ್ತಿದವರಲ್ಲ. ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು, ನಿವೃತ್ತರಾಗಿ ಊರಿಗೆ ಮರಳಿದ್ದ ಅವರು ಕಿವಿಯಿಂದಲೇ ವಿಮಾನದ ಜಾತಿಯನ್ನು ಗುರುತಿಸಿ ಎಲೆ ಅಡಿಕೆ ಮುಂದುವರಿಸುತ್ತಿದ್ದರು.

ಒಂದು ಸಂಜೆ ಅವರ ಮನೆಯ ಟೆಲಿವಿಷನ್ನಿನಲ್ಲಿ ‘ಬ್ಯಾಟಲ್ ಆಫ್ ಬ್ರಿಟನ್’ ಎಂಬ ಆಂಗ್ಲ ಚಿತ್ರ ಬರುತ್ತಿತ್ತು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ನಡೆದ ಕಾಳಗವನ್ನು ಚಿತ್ರಿಸುವ ಈ ಚಿತ್ರ ತೆರೆಕಂಡುದು 1969ರಲ್ಲಿ. ಜರ್ಮನರ ಮೆಸ್ಸರ್‌ಶ್ಮಿಟ್ ವಿಮಾನವೊಂದು ತೆರೆಯ ತುಂಬ ಕಾಣಿಸಿಕೊಂಡಾಗ ಮಾವನವರು ಥಟ್ಟನೆ ಹೇಳಿದರು:

“ಇದೇನಯ್ಯಾ, ಜರ್ಮನರ ವಿಮಾನಕ್ಕೆ ಇಂಗ್ಲಿಷರ ಎಂಜಿನ್ ಇಟ್ಟಿದ್ದಾರೆ!”

“ಅದು ಹೇಗೆ ಹೇಳುತ್ತೀರಿ, ಮಾವ?”

“ಹೊಗೆಕೊಳವೆ ನೋಡು. ಮೂತಿಯ ಮೇಲುಗಡೆ ಇದೆ. ಜರ್ಮನರ ಎಂಜಿನ್ನು ತಲೆಕೆಳಗಾಗಿ ಕೂತಿರುತ್ತೆ. ಅದರ ಹೊಗೆ ಕೆಳಗಡೆಯಿಂದ ಬರಬೇಕು.”

ಆಗ ನನಗಿದು ಮುದುಕರ ಹಟದ ಮಾತೆನಿಸಿತು. ಮುಂದೆ ಓದಿ ನೋಡಿದಾಗ ಅಕ್ಷರಶಃ ನಿಜವೆಂದು ತಿಳಿಯಿತು. ಮೆಸ್ಸರ್‌ಶ್ಮಿಟ್ಟನ್ನು ತಯಾರಿಸುವ ಪರವಾನಗಿಯನ್ನು ಸ್ಪೇನ್ ದೇಶ ಪಡೆದಿತ್ತು. ಯುದ್ಧದ ದೆಸೆಯಿಂದ ಜರ್ಮನಿಯ ಎಂಜಿನ್ ದೊರೆಯದೆ ಹೋಗಲು, 1950ರ ದಶಕದಲ್ಲಿ ಸ್ಪೇನಿನವರು ಅದಕ್ಕೆ ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ಎಂಜಿನ್ನನ್ನು ಜೋಡಿಸಿದರು. ಸ್ಪಿಟ್‌ಫೈರಿನ ಎದೆಯಲ್ಲಿ ಮಿಡಿದುದೂ ಅದೇ ಮರ್ಲಿನ್. ಚಿತ್ರದಲ್ಲಿ ಬಾಂಬು ಸುರಿಸುವ ಹೈಂಕೆಲ್‌ಗಳ ಕಥೆಯೂ ಇಷ್ಟೆ. ಅಂದರೆ ತೆರೆಯ ಮೇಲೆ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವ ಶತ್ರುಗಳಿಬ್ಬರೂ ಒಂದೇ ತಾಯಿಯ ಹಾಲು ಕುಡಿದವರು!

ಇದನ್ನು ಮೋಸವೆನ್ನಬಾರದು. ನಮ್ಮ ಕಡೆಯ ಬಯಲಾಟದಲ್ಲಿ ಭೀಮನ ಪಾತ್ರಕ್ಕೆ ಭಾರೀ ಆಳು ಸಿಗದಿದ್ದರೆ ಇದ್ದವನ ಕೈಗೇ ಗದೆ ಕೊಟ್ಟು ನಿಲ್ಲಿಸುವುದುಂಟು. ಈ ಚಿತ್ರಕ್ಕಾಗಿ ಹುಡುಕಿ ತಂದ 27 ಸ್ಪಿಟ್‌ಫೈರುಗಳಲ್ಲಿ ಹಾರುವ ಸ್ಥಿತಿಗೆ ಬಂದವು ಹನ್ನೆರಡು ಮಾತ್ರ. ಪರ್ಲ್ ಹಾರ್ಬರಿನ ಕಥೆ ಹೇಳುವ ‘ಟೋರಾ! ಟೋರಾ! ಟೋರಾ!’ (1970) ಚಿತ್ರದಲ್ಲಿ ಜಪಾನೀಯರ ಝೀರೋ ವಿಮಾನಗಳಾಗಿ ನಟಿಸಿದುವು ಅಮೆರಿಕದ ತರಬೇತಿ ವಿಮಾನಗಳು. ನಮ್ಮ ವಾಯುಪಡೆಯ ಹುಡುಗರು ಹಾರಲು ಕಲಿತ ಹಾರ್ವರ್ಡಿನ ಒಡಹುಟ್ಟುಗಳು. 1988ರ ‘ಪೀಸ್ ಆಫ್ ಕೇಕ್’ ಎಂಬ ಟೆಲಿವಿಷನ್ ಧಾರಾವಾಹಿಯಂತೂ ಮೂಲ ಕಾದಂಬರಿಯ ಹರಿಕೇನ್‌ಗಳನ್ನೇ ಕೈಬಿಟ್ಟು ಸ್ಪಿಟ್‌ಫೈರುಗಳನ್ನು ಹಾರಿಸಿತು. ಹಾರಬಲ್ಲ ಹರಿಕೇನ್‌ಗಳು ಬೇಕಾದಷ್ಟು ಸಿಗಲಿಲ್ಲ.

ಅಳಿದುಳಿದ ಈ ವಿಮಾನಗಳನ್ನು ಕಾಪಾಡಿದವರು ಯಾರು? ಗೆದ್ದ ದೇಶಗಳು ಯುದ್ಧ ಮುಗಿದೊಡನೆ ಅವನ್ನು ಕರಗಿಸಿ ಪಾತ್ರೆಪಡಗದ ಲೋಹ ಮಾಡಿಕೊಂಡುವು. ಉಳಿದುವು ಯಾರಿಗೋ ಕೆಲಸಕ್ಕೆ ಬೇಕಾದಂಥವು. ಸ್ಪೇನಿನ ವಾಯುಪಡೆಗೆ ಹೊಸದನ್ನು ಕೊಳ್ಳುವ ಅನುಕೂಲವಿರಲಿಲ್ಲ. ಫ್ರಾನ್ಸಿನ ಭೂಮಾಪನ ಸಂಸ್ಥೆಗೆ ಎತ್ತರದಿಂದ ನೆಲದ ಚಿತ್ರ ತೆಗೆಯಲು ಅಮೆರಿಕದ ‘ಹಾರುವ ಕೋಟೆ’ಗಳು ಬೇಕಾಗಿದ್ದವು. ಮತ್ತೊಬ್ಬ ಬಡ ಗಿರಾಕಿ ನಾವು.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರೂ ಮೈಸೂರು ಸರ್ಕಾರವೂ ಸೇರಿ ಬೆಂಗಳೂರಿನಲ್ಲಿ ಕಟ್ಟಿದ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕನ್ ಸೇನೆಯ ರಿಪೇರಿ ಮನೆಯಾಯಿತು. ಕೆಟಲೀನಾ ಎಂಬ ಕಡಲ ವಿಮಾನಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿದು ಇಲ್ಲಿಗೆ ಬರುತ್ತಿದ್ದುವು. (ಆ ಕೆರೆಯ ಇಂದಿನ ನೊರೆಯನ್ನು ಕಂಡವರು ಇದನ್ನು ನಂಬುವುದು ಕಷ್ಟ.) ಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರುಗಳನ್ನು ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ಸ್ವತಂತ್ರ ಭಾರತಕ್ಕೆ ಭಾರೀ ಬಾಂಬರು ಬೇಕಾಯಿತು, ಕೊಳ್ಳಲು ಹಣವಿಲ್ಲ. ಬೆಂಗಳೂರಿನ ಕಾರ್ಖಾನೆಯ ಪರೀಕ್ಷಾ ವಿಮಾನಚಾಲಕ ಜಮ್‌ಶೆಡ್ ಮುನ್ಶಿಯವರು ಹಾರುವಷ್ಟರಮಟ್ಟಿಗೆ ತೇಪೆ ಹಾಕಿದ ಆ ಹೆಣಗಳನ್ನು ಒಂದೊಂದಾಗಿ ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವುಗಳಿಗೆ ಪೂರ್ಣ ಜೀವ ಬಂತು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಮೊದಲಾಯಿತು. ಕ್ರಮೇಣ ಸುಮಾರು ನಲವತ್ತು ಲಿಬರೇಟರುಗಳು ಸಿದ್ಧವಾದುವು. ಹುಡುಗನಾಗಿ ಕಾರ್ಖಾನೆ ಸೇರಿದ ನನ್ನ ಮಾವನವರ ಬೆರಳಿನ ಗ್ರೀಸು ಅವುಗಳಲ್ಲಿ ಕೆಲವಕ್ಕಾದರೂ ಅಂಟಿತ್ತು.

ಅಮೆರಿಕ 18 ಸಾವಿರಕ್ಕೂ ಹೆಚ್ಚು ಲಿಬರೇಟರುಗಳನ್ನು ಮಾಡಿತ್ತು. ಅವು 1968ರಲ್ಲಿ ಭಾರತದಲ್ಲಿ ನಿವೃತ್ತವಾಗುವ ಹೊತ್ತಿಗೆ ಇತರೆಡೆ ಅವುಗಳ ಸಂತತಿಯೇ ಅಳಿದುಹೋಗುವಂತಿತ್ತು. ಮಾಡಿದವರೇ ನಮ್ಮ ಬಾಗಿಲಿಗೆ ಬಂದರು! ಒಂದು ಕೆನಡಾಕ್ಕೆ ಹೋಯಿತು. ಒಂದು 1969ರಲ್ಲಿ ಅರಿಜೋನಾಕ್ಕೆ ಹಾರಿತು. ಒಂದು 1974ರಲ್ಲಿ ಇಂಗ್ಲೆಂಡನ್ನು ಸೇರಿತು. ಮತ್ತೊಂದು ಅಮೆರಿಕದಲ್ಲಿ 1989ರಲ್ಲಿ ಮತ್ತೆ ಹಾರಿ, ವರ್ಷಗಟ್ಟಲೆ ಅಲ್ಲಿನ ಊರೂರು ತಿರುಗಿತು. ನಾವು ಒಂದನ್ನು ನೋಡಬೇಕಾದರೆ ದೆಹಲಿಯ ಪಾಲಂ ಸಂಗ್ರಹಾಲಯಕ್ಕೆ ಹೋಗಬೇಕು. ಜಾಲಹಳ್ಳಿಯ ವಾಯುಪಡೆಯ ತಾಂತ್ರಿಕ ಕಾಲೇಜಿನಲ್ಲಿ ನಿಂತಿದ್ದ ಸ್ಪಿಟ್‌ಫೈರೊಂದು 1978ರಲ್ಲಿ ಇಂಗ್ಲೆಂಡಿಗೆ ಹೋಗಿ, 1992ರಲ್ಲಿ ಡಕ್ಸ್‌ಫರ್ಡಿನಲ್ಲಿ ಆಕಾಶಕ್ಕೇರಿತು. 1968ರಲ್ಲಿ ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರದವರು ಬಾಂಬಿನ ದೃಶ್ಯಕ್ಕಾಗಿ ನಿಜವಾದ ವಿಮಾನಶಾಲೆಯೊಂದನ್ನೇ ಸ್ಫೋಟಿಸಿದ್ದು ಅದೇ ಡಕ್ಸ್‌ಫರ್ಡಿನಲ್ಲಿ.

ಇಂಥ ಅಪರೂಪದ ವಸ್ತುವನ್ನು ಚಿತ್ರಕ್ಕಾಗಿ ಹಾರಿಸಬಹುದೇ? 1989ರಲ್ಲಿ ‘ಮೆಂಫಿಸ್ ಬೆಲ್’ ಚಿತ್ರೀಕರಣದಲ್ಲಿ, ಫ್ರಾನ್ಸಿನ ಭೂಮಾಪಕರು ಉಳಿಸಿಕೊಂಡು ಬಂದಿದ್ದ ಹಾರುವ ಕೋಟೆಯೊಂದು ಮೇಲೇರುವಾಗಲೇ ಅಪಘಾತಕ್ಕೀಡಾಗಿ ಸುಟ್ಟುಹೋಯಿತು. ಒಳಗಿದ್ದವರೆಲ್ಲ ಬದುಕಿದರು, ವಿಮಾನ ಉಳಿಯಲಿಲ್ಲ. ‘ಡನ್‌ಕರ್ಕ್’ (2017) ಚಿತ್ರ ನಿಜವಾದ ಸ್ಪಿಟ್‌ಫೈರುಗಳನ್ನು ಕಡಲ ಮೇಲೆ ಹಾರಿಸಿತು. 2024ರ ‘ಮಾಸ್ಟರ್ಸ್ ಆಫ್ ದಿ ಏರ್’ ಧಾರಾವಾಹಿ ಹಾರದ ಪ್ರತಿಕೃತಿಗಳನ್ನೂ ಕಂಪ್ಯೂಟರಿನ ಚಿತ್ರಗಳನ್ನೂ ನೆಚ್ಚಿತು. ವಸ್ತು ಉಳಿಯುವುದು ಎರಡನೆಯ ದಾರಿಯಲ್ಲೇ. ಆದರೆ ಕಂಪ್ಯೂಟರಿನ ವಿಮಾನಕ್ಕೆ ಫಿಟ್ಟರ್ ಬೇಕಿಲ್ಲ. ಎಂಜಿನ್ ಬಿಚ್ಚಿ ಕೂಡಿಸುವ ಕೈಗಳಿಗೆ ಮುದಿ ವಿಮಾನದ ಮೇಲಲ್ಲದೆ ಬೇರೆಲ್ಲಿ ಸಾಧನೆಯಾದೀತು? ನಾನಂತೂ ಹಾರಲಿ ಎನ್ನುವ ಪಕ್ಷದವನು, ಹಾರಿದಾಗಲೆಲ್ಲ ಎದೆ ಹೊಡೆದುಕೊಂಡರೂ.

ಅಂದು ಚಿತ್ರ ಮುಗಿದು ಹೆಸರುಗಳು ಬರುತ್ತಿದ್ದಾಗ ಮಾವನವರು ಕೇಳಿದರು: “ನಮ್ಮ ಲಿಬರೇಟರ್ ಯಾವ ಚಿತ್ರದಲ್ಲಿದೆ?” ನನಗೆ ಗೊತ್ತಿರಲಿಲ್ಲ. 2014ರಲ್ಲಿ ಬಂದ ‘ಅನ್‌ಬ್ರೋಕನ್’ ಚಿತ್ರದ ಕಥಾನಾಯಕ ಲಿಬರೇಟರಿನ ಯೋಧ. ಅಲ್ಲಿ ಹಾರಿದ ವಿಮಾನ ಕಂಪ್ಯೂಟರಿನದು. ಅಷ್ಟರಲ್ಲಿ ಮಾವನವರೂ ಇರಲಿಲ್ಲ.