ಲೇಬಲ್ಲಿನಲ್ಲಿ ಇಲ್ಲದ ಅಂಕಿಗಳು

ಮುಕ್ಕಾಲು ಲೀಟರಿನ ಒಂದು ಸಿಂಗಲ್ ಮಾಲ್ಟ್ ವಿಸ್ಕಿ ಬಾಟಲಿಗೆ ಎಷ್ಟು ಬಾರ್ಲಿ ಕಾಳು ಬೇಕು? ಲೆಕ್ಕ ಕಷ್ಟದ್ದೇನಲ್ಲ. ಒಂದು ಟನ್ ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಎಲ್ಲವೂ ಸರಿಯಾಗಿ ನಡೆದರೆ, ಸುಮಾರು 400 ಲೀಟರ್ ಶುದ್ಧ ಆಲ್ಕೋಹಾಲ್ ಇಳಿಯುತ್ತದೆ. ಶೇ. 46ರ ಬಾಟಲಿಯೊಂದರಲ್ಲಿ ಅಂಥ ಆಲ್ಕೋಹಾಲ್ ಇರುವುದು 345 ಮಿಲಿಲೀಟರ್. ಅದಕ್ಕೆ ಬೇಕಾದ ಮಾಲ್ಟ್ ಸುಮಾರು 860 ಗ್ರಾಂ. ಒಂದು ಕಾಳು 40 ಮಿಲಿಗ್ರಾಂ ತೂಗುತ್ತದೆ ಎಂದು ಹಿಡಿಯಿರಿ. 21 ಸಾವಿರಕ್ಕೂ ಮಿಕ್ಕಿ ಕಾಳು! ರುಚಿ ನೋಡಲೆಂದು ಲೋಟಕ್ಕೆ ಸುರಿದುಕೊಳ್ಳುವ 15 ಮಿಲಿಲೀಟರಿನ ಹಿಂದೆಯೇ 400ಕ್ಕೂ ಹೆಚ್ಚು ಕಾಳುಗಳಿವೆ. ಅಷ್ಟೂ ನೀರಿನಲ್ಲಿ ನೆನೆದು, ಮೊಳಕೆಯೊಡೆದು, ಇನ್ನೇನು ಗಿಡವಾಗಬೇಕು ಎನ್ನುವಾಗ ಬಿಸಿಗಾಳಿಗೆ ಸಿಕ್ಕಿ ಒಣಗಿದವು. ಬಾರ್ಲಿಯ ಜೀನೋಮ್ ಸುಮಾರು 510 ಕೋಟಿ ಅಕ್ಷರಗಳಷ್ಟು ಉದ್ದ. ಅದನ್ನು ಕುಡಿಯುವ ಮನುಷ್ಯನದು ಸುಮಾರು 310 ಕೋಟಿ.

ಆಮೇಲೆ ಯೀಸ್ಟ್. ಬಾರ್ಲಿಯ ಸಿಹಿನೀರಿಗೆ ಯೀಸ್ಟ್ ಹಾಕುವಾಗ ಪ್ರತಿ ಮಿಲಿಲೀಟರಿಗೆ ಒಂದು ಕೋಟಿ ಜೀವಕೋಶಗಳ ಆಸುಪಾಸು ಇರುತ್ತದೆ. ಸಾವಿರ ಲೀಟರಿನ ಸಣ್ಣ ತೊಟ್ಟಿಯಲ್ಲಿ ಅದು ಹತ್ತು ಲಕ್ಷ ಕೋಟಿಯಾಗುತ್ತದೆ. ಹುದುಗು ಜೋರಾದಾಗ ಸಂಖ್ಯೆ ಅದರ ಎಷ್ಟೋ ಪಟ್ಟು ಏರುತ್ತದೆ. ಭೂಮಿಯ ಮೇಲೆ ಈವರೆಗೆ ಬದುಕಿದ ಮನುಷ್ಯರನ್ನೆಲ್ಲ ಕೂಡಿಸಿದರೂ ಒಂದು ತೊಟ್ಟಿಯ ಯೀಸ್ಟಿಗೆ ಸಮವಾಗುವುದಿಲ್ಲ.

ಈ ಲೆಕ್ಕ ಸ್ಕಾಟ್ಲೆಂಡಿನ ಮಾಲ್ಟಿಗೂ ಸಲ್ಲುತ್ತದೆ, ಜಪಾನಿನದಕ್ಕೂ ಸಲ್ಲುತ್ತದೆ. ಆದರೂ ನನ್ನನ್ನು ಬಹಳವಾಗಿ ಬೆರಗುಗೊಳಿಸುವುದು ಅಮೆರಿಕದ ಸಿಂಗಲ್ ಮಾಲ್ಟ್. ಒಂದೇ ಧಾನ್ಯ, ಒಂದೇ ಹೆಸರು, ಆದರೆ ಸಿಯಾಟಲ್‌ನ ತಣ್ಣನೆಯ ಜಡಿಮಳೆಯಿಂದ ಅರಿಜೋನಾದ ಮರುಭೂಮಿಯವರೆಗೆ ಹಬ್ಬಿದ ಹವಾಮಾನ. ಈ ವಿಸ್ಕಿಗಳ ಲೋಟಗಳನ್ನು ರುಚಿ ನೋಡಲು ಸಾಲಾಗಿ ಇಟ್ಟಾಗ ಎಲ್ಲರೂ ಮೊದಲು ಕೇಳುವುದು ‘ಎಷ್ಟು ವರ್ಷದ್ದು?’ ಎಂದು. ವಿಸ್ಕಿಯ ಬಗ್ಗೆ ಕೇಳಬಹುದಾದ ಪ್ರಶ್ನೆಗಳಲ್ಲಿ ಅತಿ ಕಡಿಮೆ ವಿಷಯ ತಿಳಿಸುವ ಪ್ರಶ್ನೆ ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಅಮೆರಿಕದ ಸಿಂಗಲ್ ಮಾಲ್ಟ್ ಎಂಬ ಈ ವರ್ಗದ ಗಾತ್ರವನ್ನು ನೋಡೋಣ. 2025ರ ಆರಂಭದಲ್ಲಿ ಕೆಂಟಕಿ ರಾಜ್ಯವೊಂದರಲ್ಲೇ ಗೋದಾಮುಗಳಲ್ಲಿ ಹಣ್ಣಾಗುತ್ತಿದ್ದ ಪೀಪಾಯಿಗಳು 1 ಕೋಟಿ 61 ಲಕ್ಷ. ಹೆಚ್ಚಿನವು ಬೂರ್ಬನ್, ಅಂದರೆ ಕನಿಷ್ಠ ಶೇ. 51 ಮೆಕ್ಕೆಜೋಳದಿಂದ ಮಾಡಿ, ಒಳಗೆ ಸುಟ್ಟ ಹೊಸ ಓಕ್ ಮರದಲ್ಲಿಟ್ಟ ವಿಸ್ಕಿ. ಆ ರಾಜ್ಯದ ಜನಸಂಖ್ಯೆ ಸುಮಾರು 45 ಲಕ್ಷ, ಹಸುಗೂಸನ್ನೂ ಸೇರಿಸಿ ತಲೆಗೆ ಮೂರೂವರೆ ಪೀಪಾಯಿ. ಸ್ಕಾಟ್ಲೆಂಡಿನಲ್ಲಿ ಸುಮಾರು 2 ಕೋಟಿ 20 ಲಕ್ಷ ಪೀಪಾಯಿಗಳಿವೆ, ಜನ 55 ಲಕ್ಷ. ಅಲ್ಲಿ ತಲೆಗೆ ನಾಲ್ಕು. ಈ ಎರಡು ಸಾಗರಗಳ ನಡುವೆ ಅಮೆರಿಕದ ಸಿಂಗಲ್ ಮಾಲ್ಟ್ ಒಂದು ಹನಿ. ಅದರ ಪರವಾಗಿ 2016ರಲ್ಲಿ ಸಂಘ ಕಟ್ಟಿದಾಗ ಸೇರಿದ್ದು 9 ಭಟ್ಟಿಗಳು. ಈ ವರ್ಗಕ್ಕೆಂದೇ ಒಂದು ಕಾನೂನು ಬರುವ ಹೊತ್ತಿಗೆ ಆ ಸಂಖ್ಯೆ ನೂರು ದಾಟಿತ್ತು.

ಆ ಕಾನೂನು ಪ್ರಕಟವಾದದ್ದು 2024ರ ಡಿಸೆಂಬರ್ 18ರಂದು. ಜಾರಿಗೆ ಬಂದದ್ದು 2025ರ ಜನವರಿ 19ಕ್ಕೆ. ಅಮೆರಿಕ ಸರ್ಕಾರ ವಿಸ್ಕಿಗೆ ಹೊಸ ವರ್ಗವೊಂದನ್ನು ಒಪ್ಪಿಕೊಂಡದ್ದು 52 ವರ್ಷಗಳಲ್ಲಿ ಇದೇ ಮೊದಲು. ನಿಯಮಗಳು ಕೆಲವೇ. ಶೇ. 100 ಮೊಳಕೆ ಬಾರ್ಲಿ ಇರಬೇಕು. ಪೂರ್ತಿ ಒಂದೇ ಭಟ್ಟಿಯಲ್ಲಿ ಇಳಿಸಿರಬೇಕು. ಇಳಿಯುವಾಗ ಆಲ್ಕೋಹಾಲ್ ಶೇ. 80 ಮೀರಬಾರದು, ಬಾಟಲಿಗೆ ತುಂಬುವಾಗ ಶೇ. 40ಕ್ಕಿಂತ ಇಳಿಯಬಾರದು. ಓಕ್ ಪೀಪಾಯಿ 700 ಲೀಟರಿಗಿಂತ ದೊಡ್ಡದಾಗಿರಬಾರದು. ಅದು ಹೊಸದಾದರೂ ಆಗಬಹುದು, ಹಳೆಯದಾದರೂ ಆಗಬಹುದು. ಬೂರ್ಬನ್‌ಗೆ ಇಲ್ಲದ ಈ ಕೊನೆಯ ಸ್ವಾತಂತ್ರ್ಯದಿಂದಲೇ ಬಾರ್ಲಿಯ ಸದ್ದು ಮರದ ಸದ್ದಿನಲ್ಲಿ ಮುಳುಗದೆ ಉಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯೊಳಗೆ ಕನಿಷ್ಠ 3 ವರ್ಷ ಕಡ್ಡಾಯ. ಅಮೆರಿಕದಲ್ಲಿ ಅಂಥ ಗಡುವೇ ಇಲ್ಲ. ‘ಸ್ಟ್ರೇಟ್’ ಎಂದು ಬರೆದುಕೊಳ್ಳುವುದಾದರೆ ಮಾತ್ರ 2 ವರ್ಷ.

ಕಾನೂನಿಗೂ ಎಷ್ಟೋ ಮೊದಲೇ ಕೆಲಸ ಶುರುವಾಗಿತ್ತು. 1982ರಲ್ಲಿ ಯೋರ್ಗ್ ರುಪ್ಫ್ ಶುರುಮಾಡಿದ ಸೇಂಟ್ ಜಾರ್ಜ್ ಭಟ್ಟಿ ಇಂದು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಅಲಮೀಡಾದಲ್ಲಿ ನೌಕಾದಳದ ಹಳೆಯ ವಿಮಾನ ಶೆಡ್ಡಿನಲ್ಲಿದೆ, 65 ಸಾವಿರ ಚದರ ಅಡಿ. ಪೋರ್ಟ್‌ಲ್ಯಾಂಡ್‌ನಲ್ಲಿ ಪಿಯರ್ ಹಣ್ಣಿನ ಬ್ರಾಂದಿ ಮಾಡುತ್ತಿದ್ದ ಸ್ಟೀವ್ ಮೆಕಾರ್ಥಿ 1990ರ ದಶಕದಲ್ಲಿ ಸ್ಕಾಟ್ಲೆಂಡಿನಿಂದ ಪೀಟ್ ಎಂಬ ಜವುಗುಮಣ್ಣಿನ ಹೊಗೆಯ ಮಾಲ್ಟ್ ತರಿಸಿ ಒರೆಗಾನಿನಲ್ಲಿ ವಿಸ್ಕಿ ಇಳಿಸಿದರು. ಅಮೆರಿಕದ ಈಗಿನ ಸಿಂಗಲ್ ಮಾಲ್ಟ್ ಕಥೆ ಅಲ್ಲಿಂದ ಎಣಿಸುವಂಥದ್ದು.

ಈಗ ಲೇಬಲ್ಲಿನಲ್ಲಿ ಇಲ್ಲದ ಅಂಕಿಗೆ ಬರೋಣ.

ಓಕ್ ಮರ ಉಸಿರಾಡುತ್ತದೆ. ಪೀಪಾಯಿಯೊಳಗಿನ ವಿಸ್ಕಿ ಪ್ರತಿ ವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಭಟ್ಟಿಯವರು ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಆ ಪಾಲು ವರ್ಷಕ್ಕೆ ಶೇ. 2ರ ಸುತ್ತಮುತ್ತ. ಟೆಕ್ಸಸ್‌ನ ಬಿಸಿಲಿನಲ್ಲಿ ಶೇ. 10 ಮುಟ್ಟುವುದು ಸಾಮಾನ್ಯ. ನಮ್ಮ ಬೆಂಗಳೂರಿನ ಅಮೃತ್ ಭಟ್ಟಿಯದೂ ಶೇ. 10ರಿಂದ 12. ಅವರು ತಮ್ಮ ಹಳೆಯ ಮಾಲ್ಟೊಂದಕ್ಕೆ ‘ಗ್ರೀಡಿ ಏಂಜಲ್ಸ್’ ಎಂದೇ ಹೆಸರಿಟ್ಟಿದ್ದಾರೆ.

ಶೇ. 2 ಮತ್ತು ಶೇ. 10 ಎಂದಾಗ ದೊಡ್ಡ ಅಂತರ ಕಾಣುವುದಿಲ್ಲ. ವರ್ಷ ವರ್ಷ ಗುಣಿಸಿ ನೋಡಿ. 200 ಲೀಟರಿನ ಪೀಪಾಯಿ ಸ್ಕಾಟ್ಲೆಂಡಿನಲ್ಲಿ 10 ವರ್ಷ ಕಳೆದರೆ 163 ಲೀಟರ್ ಉಳಿಯುತ್ತದೆ. ಅದೇ ಪೀಪಾಯಿ ಟೆಕ್ಸಸ್‌ನಲ್ಲಿ 10 ವರ್ಷ ಕಳೆದರೆ ಉಳಿಯುವುದು 70. ಬೆಂಗಳೂರಿನ ಶೇ. 12ರಲ್ಲಿ 56. ಅರ್ಧಕ್ಕೂ ಎಷ್ಟೋ ಹೆಚ್ಚು ಆಕಾಶದ ಪಾಲು! ತಿರುಗಿಸಿ ಕೇಳಿದರೆ ಉತ್ತರ ಇನ್ನೂ ದಿಗಿಲು ಹುಟ್ಟಿಸುತ್ತದೆ. ಟೆಕ್ಸಸ್‌ನ ಪೀಪಾಯಿ 5 ವರ್ಷದಲ್ಲಿ ಕಳೆದುಕೊಂಡಷ್ಟನ್ನು ಸ್ಕಾಟ್ಲೆಂಡಿನ ಪೀಪಾಯಿ ಕಳೆದುಕೊಳ್ಳಲು ಸುಮಾರು 26 ವರ್ಷ ಬೇಕು. ಆ 5 ವರ್ಷದ ಬಾಟಲಿಯ ಹಿಂದಿನ ಕಾಳುಗಳ ಲೆಕ್ಕವನ್ನೂ ತಿದ್ದಬೇಕು. 21 ಸಾವಿರ ಅಲ್ಲ, 35 ಸಾವಿರಕ್ಕೂ ಮೇಲೆ.

ಹಾಗೆಂದು 5 ವರ್ಷದ ಟೆಕ್ಸಸ್ ಮಾಲ್ಟ್ 26 ವರ್ಷದ ಸ್ಕಾಚ್‌ಗೆ ಸಮ ಎಂದು ನಾನು ಹೇಳುತ್ತಿಲ್ಲ. ಮರದಿಂದ ಬಣ್ಣ, ವೆನಿಲಾ, ಒಗರು ಇಳಿಯುವುದು ಶಾಖದಲ್ಲಿ ಬೇಗ ಆಗುತ್ತದೆ. ಆದರೆ ಪೀಪಾಯಿಯೊಳಗೆ ಆಮ್ಲಜನಕ ನುಸುಳಿ, ಆಮ್ಲವೂ ಆಲ್ಕೋಹಾಲೂ ಕೂಡಿ, ಹಣ್ಣಿನ ಕಂಪಿನ ಎಸ್ಟರುಗಳು ಹುಟ್ಟುವ ನಿಧಾನದ ಕೆಲಸಕ್ಕೆ ಕ್ಯಾಲೆಂಡರ್ ಬೇಕೇ ಬೇಕು. ಬಿಸಿಲ ನಾಡಿನ ಒಳ್ಳೆಯ ಭಟ್ಟಿಗಾರ ಈ ಎರಡು ಗಡಿಯಾರಗಳ ನಡುವೆ ಸಿಕ್ಕಿಕೊಂಡೇ ಕೆಲಸ ಮಾಡುತ್ತಾನೆ. ಮರದ ಗಡಿಯಾರ ಓಡುತ್ತದೆ, ಗಾಳಿಯದು ತೆವಳುತ್ತದೆ. ಯಾವ ದಿನ ಪೀಪಾಯಿ ಖಾಲಿ ಮಾಡಬೇಕು ಎಂಬ ಅವನ ತೀರ್ಮಾನದಲ್ಲೇ ಕಸುಬು ಇದೆ.

ಪೀಪಾಯಿಯ ಗಾತ್ರವೂ ಗಡಿಯಾರವನ್ನು ತಿರುಗಿಸುತ್ತದೆ. ಆರಂಭದ ಅನೇಕ ಸಣ್ಣ ಭಟ್ಟಿಗಳು 5 ಗ್ಯಾಲನ್, ಅಂದರೆ 19 ಲೀಟರಿನ ಮರಿ ಪೀಪಾಯಿಗಳನ್ನು ಬಳಸಿದವು. ಅದರಲ್ಲಿ ಪ್ರತಿ ಲೀಟರಿಗೆ ತಗಲುವ ಮರ 200 ಲೀಟರಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಕಾನೂನಿನ ಗರಿಷ್ಠ ಮಿತಿಯಾದ 700 ಲೀಟರಿನದರಲ್ಲಿ ತಗಲುವ ಮರ 200ರದಕ್ಕಿಂತ ಮೂರನೇ ಒಂದು ಪಾಲು ಕಡಿಮೆ. ಮರಿ ಪೀಪಾಯಿಯ ಅವಸರದ ಒಗರನ್ನು ನಾಲಿಗೆ ಒಮ್ಮೆ ಗುರುತಿಸಿದರೆ ಮತ್ತೆ ಮರೆಯುವುದಿಲ್ಲ.

ಇಷ್ಟು ಅಂಕಿ ಕೈಯಲ್ಲಿಟ್ಟುಕೊಂಡು ಲೋಟಗಳ ಮುಂದೆ ಕೂರಬೇಕು. ನಾನು ಜೋಡಿಸುವ ಕ್ರಮ ಆಲ್ಕೋಹಾಲಿನ ಏರಿಕೆಯದಲ್ಲ, ಹೊಗೆಯದು. ಹೊಗೆ ಕೊನೆಗೆ. ಅದು ಮೊದಲು ಬಂದರೆ ಮೂಗು ಬೇರೆ ಏನನ್ನೂ ಕೇಳಿಸಿಕೊಳ್ಳುವುದಿಲ್ಲ.

ಮೊದಲು ಸಿಯಾಟಲ್‌ನ ವೆಸ್ಟ್‌ಲ್ಯಾಂಡ್, ಶೇ. 46. 2010ರಲ್ಲಿ ಶುರುವಾದ ಭಟ್ಟಿ. ಐದು ಬಗೆಯ ಮಾಲ್ಟ್ ಬೆರೆಸುತ್ತಾರೆ. ಅದರಲ್ಲಿ ಕೆಲವು ಕಪ್ಪು ಬಿಯರಿಗೆ ಬಳಸುವ ಹುರಿದ ಮಾಲ್ಟುಗಳು. ಸ್ಕಾಟ್ಲೆಂಡಿನ ಬಹಳ ಕಡೆ ಎರಡು, ಎರಡೂವರೆ ದಿನದಲ್ಲಿ ಮುಗಿಸುವ ಹುದುಗಿಗೆ ಇಲ್ಲಿ ಆರು ದಿನ, 144 ಗಂಟೆ. ಕೋಕೋ, ಹುರಿದ ಕಾಯಿಬೀಜ, ಕಿತ್ತಳೆ ಸಿಪ್ಪೆಯ ಕಂಪು ಬರುವುದು ಮರದಿಂದ ಮಾತ್ರವಲ್ಲ, ಕಾಳಿನಿಂದಲೂ ಹುದುಗಿನಿಂದಲೂ. ಈ ಸಾಲಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ. ತಂಪು ಊರಿನ ತಾಳ್ಮೆ ಇದರಲ್ಲಿದೆ.

ಅದರ ಪಕ್ಕ ಡೆನ್ವರ್‌ನ ಸ್ಟ್ರಾನಹಾನ್ಸ್, ಶೇ. 47. ಊರು ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿ, 5,280 ಅಡಿ ಎತ್ತರ. ಅಲ್ಲಿ ಗಾಳಿಯ ಒತ್ತಡ ಕಡಲತೀರದ ಶೇ. 83ರಷ್ಟು, ನೀರು ಕುದಿಯುವುದು 95 ಡಿಗ್ರಿಯಲ್ಲೇ. ಒಣ ಹವೆ. ತೇವದ ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ಆಲ್ಕೋಹಾಲ್ ಹೆಚ್ಚು ಹೋಗಿ ವಿಸ್ಕಿ ವರ್ಷ ಕಳೆದಂತೆ ಮೃದುವಾಗುತ್ತದೆ. ಒಣ ನಾಡಿನಲ್ಲಿ ನೀರು ಹೆಚ್ಚು ಹೋಗಿ ವಿಸ್ಕಿ ಖಾರವಾಗುತ್ತದೆ. ಸುಟ್ಟ ಹೊಸ ಓಕ್‌ನಿಂದಾಗಿ ಕ್ಯಾರಮೆಲ್ ಸಿಹಿ ದಟ್ಟ. ಬೂರ್ಬನ್ ಬಲ್ಲವರಿಗೆ ಇದು ಒಳ್ಳೆಯ ಹೊಸ್ತಿಲು.

ಮೂರನೆಯದು ಟೆಕ್ಸಸ್‌ನ ವೇಕೊ ಊರಿನ ಬಾಲ್ಕನೀಸ್, ಶೇ. 53. 2008ರಲ್ಲಿ ಶುರುವಾದ ಈ ಪುಟ್ಟ ಭಟ್ಟಿಯ ಮಾಲ್ಟ್ 2012ರಲ್ಲಿ ಲಂಡನ್ನಿನಲ್ಲಿ ನಡೆದ ‘ಬೆಸ್ಟ್ ಇನ್ ಗ್ಲಾಸ್’ ಸ್ಪರ್ಧೆಯಲ್ಲಿ ಸ್ಕಾಟ್ಲೆಂಡಿನ ಹೆಸರಾಂತ ಮಾಲ್ಟುಗಳನ್ನು ಹಿಂದೆ ಹಾಕಿ ಮೊದಲು ಬಂತು. ತೀರ್ಪುಗಾರರಿಗೆ ಬಾಟಲಿ ತೋರಿಸಿರಲಿಲ್ಲ. ಆಗ ಭಟ್ಟಿಗೇ ವಯಸ್ಸು ನಾಲ್ಕು! ಬೇಯಿಸಿದ ಪಿಯರ್, ಬೆಲ್ಲದ ಪಾಕ, ಗಟ್ಟಿ ಮೈ. ಇದರ ಪಕ್ಕ ಅಮೃತ್ ಫ್ಯೂಷನ್ ಇಟ್ಟು ನೋಡಬೇಕೆಂದು ನಾನು ಎಲ್ಲರಿಗೂ ಒತ್ತಾಯಿಸುತ್ತೇನೆ. ಅಮೃತ್ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕಿಟ್ಟದ್ದು 2004ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. 2010ರ ‘ವಿಸ್ಕಿ ಬೈಬಲ್’ನಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಅದರ ಫ್ಯೂಷನ್ನನ್ನು ಜಗತ್ತಿನ ಮೂರನೆಯ ಸ್ಥಾನದಲ್ಲಿಟ್ಟರು. ಕಡಿಮೆ ವಯಸ್ಸಿನ ಬಿಸಿಲ ನಾಡಿನ ಮಾಲ್ಟಿಗೂ ಗಂಭೀರ ಸ್ಥಾನ ಉಂಟು ಎಂದು ತೋರಿಸಿದವರಲ್ಲಿ ಬೆಂಗಳೂರಿನವರು ಮುಂದಿನ ಸಾಲಿನಲ್ಲಿದ್ದಾರೆ.

ಕೊನೆಗೆ ಎರಡು ಹೊಗೆಗಳು. ಮೆಕಾರ್ಥೀಸ್, ಶೇ. 42.5, ಪೀಟ್ ಹೊಗೆ. ಜವುಗಿನಲ್ಲಿ ಸತ್ತ ಪಾಚಿ, ಹುಲ್ಲು ಅರೆಕೊಳೆತು ಪದರವಾಗುವ ಪೀಟ್ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರ್. ಒಂದು ಮೀಟರ್ ಆಳ ಅಗೆದರೆ ಸಾವಿರ ವರ್ಷದ ಹಿಂದಿನ ಸಸ್ಯ ಕೈಗೆ ಬರುತ್ತದೆ. ವಯಸ್ಸು ಕೇಳುವವರು ಈ ವಯಸ್ಸನ್ನು ಕೇಳುವುದೇ ಇಲ್ಲ. ಇನ್ನೊಂದು ಅರಿಜೋನಾದ ಟೂಸಾನ್ ಊರಿನ ಡೆಲ್ ಬಾಕ್ ಅವರ ಡೊರಾಡೊ. ಅಲ್ಲಿ ಪೀಟ್ ಇಲ್ಲ. ಮರುಭೂಮಿಯ ಮೆಸ್ಕೀಟ್ ಮರದ ಸೌದೆಯ ಹೊಗೆಯಲ್ಲಿ ಮಾಲ್ಟ್ ಒಣಗಿಸುತ್ತಾರೆ. ಒಂದರಲ್ಲಿ ಅಯೋಡಿನ್, ಕಡಲು, ಮಸಿ. ಇನ್ನೊಂದರಲ್ಲಿ ಸಿಹಿಯಾದ, ಒಣಗಿದ, ಅಡುಗೆಬೆಂಕಿಯ ಹೊಗೆ. ಇವೆರಡನ್ನು ಬೇರ್ಪಡಿಸಲು ಯಾವ ಪರಿಣತಿಯೂ ಬೇಡ.

ಮೂಗು ಇದನ್ನೆಲ್ಲ ಎಷ್ಟು ಸಣ್ಣ ಪ್ರಮಾಣದಲ್ಲಿ ಓದುತ್ತದೆ ಎಂಬುದು ಈ ಲೆಕ್ಕಗಳಲ್ಲೆಲ್ಲ ನನಗೆ ಅತಿ ದೊಡ್ಡ ಬೆರಗು. ವಿಸ್ಕಿಗೆ ಬೇಯಿಸಿದ ಸೇಬಿನ, ಗುಲಾಬಿಯ ಕಂಪು ಕೊಡುವ ಬೀಟಾ-ಡಮಸೀನೋನ್ ಎಂಬ ಅಣು ನೀರಿನಲ್ಲಿ ಲೀಟರಿಗೆ 2 ನ್ಯಾನೋಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಒಲಿಂಪಿಕ್ ಈಜುಕೊಳದಲ್ಲಿ 25 ಲಕ್ಷ ಲೀಟರ್ ನೀರು. ಅದಕ್ಕೆಲ್ಲ ಸಾಕಾಗುವುದು 5 ಮಿಲಿಗ್ರಾಂ, ಒಂದು ಅಕ್ಕಿಕಾಳಿನ ಕಾಲು ಭಾಗದಷ್ಟು. ಆಲ್ಕೋಹಾಲ್ ಬೆರೆತಾಗ ಇನ್ನೂ ಹೆಚ್ಚು ಬೇಕು, ಏಕೆಂದರೆ ಆಲ್ಕೋಹಾಲ್ ಕಂಪಿನ ಅಣುಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ನಾಲ್ಕು ಹನಿ ನೀರು ಬೆರೆಸುವುದು ಇದಕ್ಕೇ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಇದನ್ನು ಕಂಪ್ಯೂಟರಿನಲ್ಲಿ ಅಣು ಅಣುವಾಗಿ ಮಾಡಿ ನೋಡಿದರು. ಹೊಗೆಯ ಕಂಪಿನ ಗ್ವಾಯಕೋಲ್, ಆಲ್ಕೋಹಾಲ್ ಶೇ. 45ರವರೆಗೆ ಇರುವಾಗ ದ್ರವದ ಮೇಲ್ಮೈಗೆ ಬಂದು ನಿಲ್ಲುತ್ತದೆ. ಶೇ. 59 ದಾಟಿದರೆ ಒಳಗೇ ಉಳಿಯುತ್ತದೆ. ಮೆಕಾರ್ಥೀಸ್‌ಗೆ ನೀರು ಬೇಡ, ಬಾಲ್ಕನೀಸ್‌ಗೆ ಬೇಕು ಎಂದು ನಾಲಿಗೆ ಹೇಳುತ್ತಿದ್ದುದಕ್ಕೆ ಇಲ್ಲಿ ಒಂದು ಸುಳಿವು ಸಿಗುತ್ತದೆ. ಇಷ್ಟನ್ನೂ ಓದುವ ಮೂಗಿನಲ್ಲಿ ಕೆಲಸ ಮಾಡುವ ಗ್ರಾಹಕಗಳು ಸುಮಾರು 400 ಬಗೆ.

ಭಟ್ಟಿಗಳಿಗೆ ನನ್ನ ಕೋರಿಕೆ ಒಂದೇ. ಲೇಬಲ್ಲಿನ ಮೇಲೆ ವಯಸ್ಸಿನ ಜೊತೆಗೆ ಇನ್ನೆರಡು ಅಂಕಿ ಮುದ್ರಿಸಲಿ. ಪೀಪಾಯಿಗೆ ತುಂಬಿದ್ದು ಎಷ್ಟು ಲೀಟರ್, ಹೊರಗೆ ಬಂದದ್ದು ಎಷ್ಟು. ಟೆಕ್ಸಸ್‌ನ 5 ವರ್ಷದ ಬಾಟಲಿಯ ಮೇಲೆ 200 ಮತ್ತು 118 ಎಂದಿರುತ್ತದೆ, ಸ್ಕಾಟ್ಲೆಂಡಿನ 12 ವರ್ಷದ್ದರ ಮೇಲೆ 200 ಮತ್ತು 157.