ಮೈಯಲ್ಲಿ ನೆಟ್ಟ ಬಾಣವನ್ನು ತೆಗೆಯುತ್ತಿದ್ದ ಬಗೆ

ಹುಲಕೋಟಿಯಿಂದ ಗದಗ ದಾಟಿ ಲಕ್ಕುಂಡಿಗೆ ಹೋಗಿ, ಇಲ್ಲವೇ ಲಕ್ಷ್ಮೇಶ್ವರದ ಕಡೆ ತಿರುಗಿ, ಈ ನಾಡಿನ ತುಂಬ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಆದರೆ ಕಲ್ಲು ನಿಂತದ್ದು ಮಡಿದವರಿಗೆ. ಬಾಣ ನಾಟಿದವರನ್ನು ಉಳಿಸಿಕೊಳ್ಳುವ ವಿದ್ಯೆ ಪ್ರಾಚೀನ ವೈದ್ಯಗ್ರಂಥ ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ, 26 ಮತ್ತು 27ನೇ ಅಧ್ಯಾಯಗಳಲ್ಲಿ ದಾಖಲಾಗಿದೆ. ಗದಗಿನ ಡಿ.ಜಿ.ಎಂ. ಆಯುರ್ವೇದ ಕಾಲೇಜಿನಂಥ ಕಡೆ ವಿದ್ಯಾರ್ಥಿಗಳು ಇಂದಿಗೂ ಶಲ್ಯತಂತ್ರ, ಅಂದರೆ ಶಸ್ತ್ರವೈದ್ಯ, ಓದುತ್ತಾರೆ.

ಹುಡುಕುವುದು: ಕಡ್ಡಿ ಮುರಿದು ಮೊನೆ ಚರ್ಮದಡಿ ಅಡಗಿದ್ದರೆ ಮೇಲೆ ಗಟ್ಟಿ ತುಪ್ಪವನ್ನೋ ತೇಯ್ದ ಗಂಧವನ್ನೋ ಬಳಿಯುತ್ತಿದ್ದರು. ತುಪ್ಪ ಎಲ್ಲಿ ಬೇಗ ಕರಗುತ್ತದೋ, ಗಂಧ ಎಲ್ಲಿ ಬೇಗ ಒಣಗುತ್ತದೋ ಅಲ್ಲಿ ಮೊನೆ ಇದೆಯೆಂದು ಲೆಕ್ಕ. ಬಾವು ಬಂದ ಜಾಗ ಕಾವೇರುತ್ತದೆ. ಪರೀಕ್ಷೆಯ ಆಧಾರ ಅದೇ.

ದಿಕ್ಕು ನಿರ್ಧರಿಸುವುದು: ಮೊನೆ ಹೊಕ್ಕ ಬದಿಗೇ ಹತ್ತಿರವಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಬೇಕು, ಇದು ಪ್ರತಿಲೋಮ. ಆಚೆ ಬದಿಗೆ ಸಮೀಪಿಸಿದ್ದರೆ ಮುಂದಕ್ಕೆ ನೂಕಿ ಆಚೆಯಿಂದ ತೆಗೆಯಬೇಕು, ಇದು ಅನುಲೋಮ. ಹಿಮ್ಮುಳ್ಳಿರುವ ಮೊನೆ ಮೀನಿನ ಗಾಳದಂತೆ: ಹಿಂದಕ್ಕೆ ಎಳೆದಷ್ಟೂ ಮಾಂಸ ಹರಿಯುತ್ತದೆ.

ಕೀಳುವುದು: ಇಕ್ಕಳಗಳಲ್ಲಿ ಕಂಕಮುಖವೇ ಶ್ರೇಷ್ಠ ಎನ್ನುತ್ತಾನೆ ಸುಶ್ರುತ. ಕೊಕ್ಕಿನ ಆಕಾರದ ಅದು ಸಲೀಸಾಗಿ ಒಳಹೋಗಿ, ಬಿಗಿಯಾಗಿ ಹಿಡಿದು, ಹೊರಬರುತ್ತದೆ. ಎಲುಬಿಗೆ ನೆಟ್ಟಿದ್ದರೆ ವೈದ್ಯ ಕಾಲೂರಿ ಎಳೆಯಬೇಕು. ಅದೂ ಆಗದಿದ್ದರೆ ಬಿಲ್ಲಿನ ಹೆದೆಯ ಒಂದು ತುದಿಯನ್ನು ಬಾಣಕ್ಕೂ ಇನ್ನೊಂದನ್ನು ಕುದುರೆಯ ಕಡಿವಾಣಕ್ಕೂ ಕಟ್ಟಿ, ಚಾಟಿ ಬೀಸಬೇಕು. ಕುದುರೆ ತಲೆ ಎತ್ತಿದ ರಭಸಕ್ಕೆ ಬಾಣ ಕಿತ್ತು ಬರುತ್ತದೆ. ಮುಳ್ಳಿಲ್ಲದ, ಸಡಿಲವಾಗಿರುವ ಕಬ್ಬಿಣದ ಮೊನೆಗೆ ಅಯಸ್ಕಾಂತವೂ ಉಂಟು.

ಗಾಯದ ಆರೈಕೆ: ರಕ್ತ ತೆಗೆದು, ಕಾವು ಕೊಟ್ಟು, ತುಪ್ಪ ಮತ್ತು ಜೇನು ಸವರಿ ಪಟ್ಟಿ ಕಟ್ಟುತ್ತಿದ್ದರು. ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪು ಸೇರಿಸಿ ದಿನಕ್ಕೆರಡು ಸಲ, 10 ದಿನ ಹೊಗೆ ಹಾಕಬೇಕೆಂಬ ವಿಧಿಯೂ ಇದೆ. ಜೇನಿನ ಸಕ್ಕರೆ ನೀರನ್ನು ಹೀರಿಕೊಳ್ಳುವುದರಿಂದ ಅದರಲ್ಲಿ ರೋಗಾಣು ಬೆಳೆಯುವುದು ಕಷ್ಟ. 1403ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ ಕಾಳಗದಲ್ಲಿ ರಾಜಕುಮಾರ ಹೆನ್ರಿಯ ಮುಖಕ್ಕೆ ಬಾಣ ಹೊಕ್ಕಾಗ ಜಾನ್ ಬ್ರಾಡ್‌ಮೋರ್ ಎಂಬ ಶಸ್ತ್ರವೈದ್ಯನೂ ಜೇನನ್ನೇ ಬಳಸಿದ. ತಿರುಪುಳ್ಳ ಇಕ್ಕಳ ಮಾಡಿಸಿ ಮೊನೆ ತೆಗೆದ. ಹುಡುಗ ಬದುಕಿ ಮುಂದೆ ಐದನೇ ಹೆನ್ರಿಯಾದ.

ತೆಗೆಯದೆ ಬಿಡುವುದು: ಈ ಶಾಸ್ತ್ರದ ದೊಡ್ಡ ವಿವೇಕ ಇಲ್ಲಿದೆ. ದೇಹದ 107 ಮರ್ಮಗಳಲ್ಲಿ, ಅಂದರೆ ಪೆಟ್ಟು ತಗುಲಿದರೆ ಅಪಾಯವಾಗುವ ಜಾಗಗಳಲ್ಲಿ, ಮೂರನ್ನು ಸುಶ್ರುತ ಬೇರೆಯಾಗಿ ಹೆಸರಿಸುತ್ತಾನೆ: ಹುಬ್ಬಿನ ನಡುವಿನ ಸ್ಥಪನಿ, ಕಣತಲೆಯ ಮೇಲಿನ ಎರಡೂ ಬದಿಯ ಉತ್ಕ್ಷೇಪಗಳು. ಅಲ್ಲಿ ನೆಟ್ಟದ್ದು ಇರುವವರೆಗೆ ರೋಗಿ ಬದುಕಿರುತ್ತಾನೆ, ಕಿತ್ತರೆ ಸಾಯುತ್ತಾನೆ. ನೆಟ್ಟ ವಸ್ತುವೇ ಹರಿದ ರಕ್ತನಾಳಕ್ಕೆ ಬಿರಡೆಯಾಗಿರಬಹುದು ಎಂದು ಇಂದಿನ ವೈದ್ಯರೂ ಎಚ್ಚರಿಸುತ್ತಾರೆ.

ಈ ಎಚ್ಚರ ನಮ್ಮ ಹೊಲಗಳಿಗೂ ಬೇಕು. ಕುಡಗೋಲೋ ಕಬ್ಬಿಣದ ಸರಳೋ ಆಳಕ್ಕೆ ನೆಟ್ಟರೆ ದಯವಿಟ್ಟು ಕೀಳಬೇಡಿ. ಅಲುಗಾಡದಂತೆ ಸುತ್ತಲೂ ಬಟ್ಟೆ ಒತ್ತಾಗಿ ಇಟ್ಟು ಕಟ್ಟಿ, 108ಕ್ಕೆ ಕರೆ ಮಾಡಿ. ತುಪ್ಪ, ಅರಿಶಿನ ಹಚ್ಚುತ್ತ ಹೊತ್ತು ಕಳೆಯಬೇಡಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಆಸ್ಪತ್ರೆಯಲ್ಲಿ ಕೇಳಿ. ಯಾವಾಗ, ಯಾವ ದಾರಿಯಲ್ಲಿ ತೆಗೆಯಬೇಕೆಂಬ ತೀರ್ಮಾನ ಅಂದೂ ಇಂದೂ ವೈದ್ಯರದ್ದೇ.