ಬಾಯಿ: ರುಚಿಯ ದ್ವಾರ, ನುಡಿಯ ದ್ವಾರ

ಮಾನವ ಶರೀರದ ಅವಯವಗಳಲ್ಲಿ ಒಂದೊಂದಕ್ಕೂ ಒಂದೊಂದು ಕಾರ್ಯವು ವಿಹಿತವಾಗಿದೆ. ಕಣ್ಣು ನೋಡುತ್ತದೆ, ಕಿವಿ ಕೇಳುತ್ತದೆ, ಕಾಲು ನಡೆಯುತ್ತದೆ. ಬಾಯಿಯಾದರೋ ಹಾಗಲ್ಲ. ಅದು ಅನ್ನವನ್ನು ಒಳಗೆ ಬರಮಾಡಿಕೊಳ್ಳುತ್ತದೆ, ಮಾತನ್ನು ಹೊರಗೆ ಕಳುಹಿಸುತ್ತದೆ. ನಮ್ಮ ಪ್ರಾಚೀನರು ಇಂದ್ರಿಯಗಳನ್ನು ಜ್ಞಾನೇಂದ್ರಿಯ, ಕರ್ಮೇಂದ್ರಿಯಗಳೆಂದು ಎರಡು ಬಗೆಯಾಗಿ ವಿಂಗಡಿಸಿದರು. ಶ್ರೋತ್ರ, ತ್ವಕ್, ನೇತ್ರ, ಜಿಹ್ವೆ, ಘ್ರಾಣಗಳು ಜ್ಞಾನೇಂದ್ರಿಯಗಳು. ವಾಕ್, ಪಾಣಿ, ಪಾದ, ಪಾಯು, ಉಪಸ್ಥಗಳು ಕರ್ಮೇಂದ್ರಿಯಗಳು. ರಸವನ್ನರಿಯುವ ಜಿಹ್ವೆಯು ಮೊದಲನೆಯ ಗುಂಪಿಗೂ, ನುಡಿಯುವ ವಾಕ್ಕು ಎರಡನೆಯ ಗುಂಪಿಗೂ ಸೇರಿವೆ. ಆದರೆ ಇವೆರಡಕ್ಕೂ ನೆಲೆ ಒಂದೇ ಬಾಯಿ, ಉಪಕರಣ ಒಂದೇ ನಾಲಗೆ. ಅರಿವೂ ಕ್ರಿಯೆಯೂ ಹೀಗೆ ಒಂದೆಡೆ ಕೂಡಿರುವುದರಿಂದಲೇ ಬಾಯಿಯ ವಿಚಾರವು ವೈದ್ಯನಿಗೆ, ವೈಯಾಕರಣನಿಗೆ ಮತ್ತು ಸಾಧಕನಿಗೆ ಸಮಾನವಾಗಿ ಮುಖ್ಯವಾದುದು. ಈ ಮೂರೂ ದೃಷ್ಟಿಗಳಿಂದ ಅದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಬಹುದು.

ದೇಹದಲ್ಲಿ ಬಾಯಿ

ಮುಂದೆ ತುಟಿಗಳು, ಇಕ್ಕೆಲಗಳಲ್ಲಿ ಕೆನ್ನೆಗಳು, ಮೇಲೆ ಅಂಗುಳು, ಕೆಳಗೆ ನಾಲಗೆ, ಹಿಂದೆ ಕಿರುನಾಲಗೆಯಿಂದಾಚೆಗೆ ಗಂಟಲು, ಇವು ಬಾಯಿಯ ಎಲ್ಲೆಗಳು. ಶೈಶವದಲ್ಲಿ ಮೂಡುವ ಹಾಲುಹಲ್ಲುಗಳು 20. ಅವು ಬಿದ್ದ ಬಳಿಕ ಪೂರ್ಣ ವಯಸ್ಕನಿಗೆ ಬರುವ ಹಲ್ಲುಗಳು 32. ಮೂರು ಜೊತೆ ದೊಡ್ಡ ಲಾಲಾಗ್ರಂಥಿಗಳೂ ಅನೇಕ ಸಣ್ಣ ಗ್ರಂಥಿಗಳೂ ಜೊಲ್ಲನ್ನು ಸ್ರವಿಸುತ್ತವೆ. ದಿನವೊಂದಕ್ಕೆ ಇದು ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟಾಗುತ್ತದೆ. ಜೊಲ್ಲು ತುತ್ತನ್ನು ತೋಯಿಸುವುದಷ್ಟೇ ಅಲ್ಲ, ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಧಾನ್ಯದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ತೊಡಗುತ್ತದೆ. ಜೋಳದ ರೊಟ್ಟಿಯ ತುಣುಕನ್ನು ಪಲ್ಯವಿಲ್ಲದೆ ಬಹಳ ಹೊತ್ತು ಅಗಿದರೆ ಅದು ಮೆಲ್ಲಮೆಲ್ಲನೆ ಸಿಹಿಯಾಗುವುದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು. ಪಚನಕ್ರಿಯೆಯು ಹೊಟ್ಟೆಯಲ್ಲಲ್ಲ, ಬಾಯಿಯಲ್ಲಿಯೇ ಆರಂಭವಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ರುಚಿಯ ವಿಷಯದಲ್ಲಿ ನಮ್ಮ ಪರಂಪರೆಯು ಆರು ರಸಗಳನ್ನು ಹೇಳುತ್ತದೆ: ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ. ಇವನ್ನು ಕನ್ನಡದಲ್ಲಿ ಕ್ರಮವಾಗಿ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎನ್ನಬಹುದು. ಕಟುವೆಂದರೆ ಕಹಿಯೆಂದು ಭಾವಿಸುವುದು ಸಾಮಾನ್ಯವಾಗಿದೆ. ವೈದ್ಯಶಾಸ್ತ್ರದಲ್ಲಿ ಕಟುವು ಖಾರ, ತಿಕ್ತವೇ ಕಹಿ. ಆಧುನಿಕ ವಿಜ್ಞಾನವು ಸಿಹಿ, ಹುಳಿ, ಉಪ್ಪು, ಕಹಿಗಳ ಜೊತೆಗೆ, ಜಪಾನಿನ ಕಿಕುನಾಯೆ ಇಕೆಡಾ ಎಂಬ ವಿಜ್ಞಾನಿ 1908ರಲ್ಲಿ ಗುರುತಿಸಿದ ಉಮಾಮಿ ಎಂಬುದನ್ನು ಸೇರಿಸಿ ಐದು ಮೂಲ ರುಚಿಗಳನ್ನು ಒಪ್ಪುತ್ತದೆ. ಅದರ ಪ್ರಕಾರ ಖಾರವು ರುಚಿಯಲ್ಲ, ಉರಿಯನ್ನೂ ನೋವನ್ನೂ ತಿಳಿಸುವ ನರಗಳ ಸಂವೇದನೆ. ಒಗರು ಹೆಚ್ಚಾಗಿ ಸ್ಪರ್ಶಕ್ಕೆ ಸೇರಿದ ಅನುಭವ. ಇಲ್ಲಿ ಹಳೆಯದಕ್ಕೂ ಹೊಸದಕ್ಕೂ ವಿರೋಧವನ್ನು ಕಲ್ಪಿಸಬೇಕಾಗಿಲ್ಲ. ನಮ್ಮವರು ಬಾಯಿಗೆ ಆಗುವ ಅನುಭವವನ್ನು ಎಣಿಸಿದರು. ವಿಜ್ಞಾನಿಗಳು ಆ ಅನುಭವವನ್ನು ಮುಟ್ಟಿಸುವ ಮಾರ್ಗಗಳನ್ನು ಎಣಿಸಿದರು. ನಾಲಗೆಯ ತುದಿಯಲ್ಲಿ ಸಿಹಿ, ಬುಡದಲ್ಲಿ ಕಹಿ ಎಂದು ಭಾಗ ಮಾಡಿ ತೋರಿಸುವ ಪಠ್ಯಪುಸ್ತಕಗಳ ಚಿತ್ರವು ಮಾತ್ರ ಸರಿಯಲ್ಲವೆಂದು ಈಗ ಸಿದ್ಧವಾಗಿದೆ. ರುಚಿಮೊಗ್ಗುಗಳಿರುವ ಎಲ್ಲ ಭಾಗಗಳೂ ಎಲ್ಲ ರುಚಿಗಳನ್ನೂ ಗ್ರಹಿಸಬಲ್ಲವು.

ಇನ್ನೊಂದು ಸಂಗತಿಯು ವಿಶೇಷವಾಗಿ ಗಮನಾರ್ಹವಾದುದು. ಅನ್ನದ ಹಾದಿಯೂ ಉಸಿರಿನ ಹಾದಿಯೂ ಗಂಟಲಿನಲ್ಲಿ ಒಂದನ್ನೊಂದು ದಾಟುತ್ತವೆ. ತುತ್ತು ಇಳಿಯುವಾಗ ಶ್ವಾಸನಾಳದ ಬಾಗಿಲು ಮುಚ್ಚಿಕೊಳ್ಳುತ್ತದೆ, ಉಸಿರು ಕ್ಷಣಮಾತ್ರ ನಿಲ್ಲುತ್ತದೆ. ಉಸಿರಿಲ್ಲದೆ ಮಾತಿಲ್ಲ. ಆದಕಾರಣ ನುಂಗುವುದೂ ನುಡಿಯುವುದೂ ಏಕಕಾಲಕ್ಕೆ ಸಾಧ್ಯವಿಲ್ಲ. ಉಣ್ಣುವಾಗ ಮಾತು ಬೇಡವೆಂದು ಹಿರಿಯರು ಮಕ್ಕಳನ್ನು ತಡೆಯುವುದು ಬರಿಯ ಶಿಷ್ಟಾಚಾರವಲ್ಲ, ದೇಹಧರ್ಮವನ್ನರಿತ ಎಚ್ಚರಿಕೆ.

ವರ್ಣಮಾಲೆಯಲ್ಲಿ ಬಾಯಿ

ನಾವು ಬಾಲ್ಯದಲ್ಲಿ ಕಲಿಯುವ ವರ್ಣಮಾಲೆಯು ವಾಸ್ತವವಾಗಿ ಬಾಯಿಯ ಒಂದು ನಕ್ಷೆ. ಕವರ್ಗವು ಕಂಠ್ಯ, ಚವರ್ಗವು ತಾಲವ್ಯ, ಟವರ್ಗವು ಮೂರ್ಧನ್ಯ, ತವರ್ಗವು ದಂತ್ಯ, ಪವರ್ಗವು ಓಷ್ಠ್ಯ. ಗಂಟಲಿನಿಂದ ಹೊರಟು ಅಂಗುಳನ್ನೂ ಹಲ್ಲನ್ನೂ ದಾಟಿ ತುಟಿಯವರೆಗೆ ಬರುವ ಈ ಕ್ರಮವು ಗರ್ಭಗೃಹದಿಂದ ಮಹಾದ್ವಾರಕ್ಕೆ ನಡೆದುಬಂದಂತಿದೆ. ಅನುನಾಸಿಕಗಳಾದ ಙ, ಞ, ಣ, ನ, ಮಗಳಲ್ಲಿ ಬಾಯಿಯು ಆಯಾ ಸ್ಥಾನದಲ್ಲಿ ಮುಚ್ಚಿದ್ದು ಉಸಿರು ಮೂಗಿನಿಂದ ಹೊರಡುತ್ತದೆ. ಶಿಶುವಿಗೆ ಮೊದಲು ಒದಗುವ ವ್ಯಂಜನಗಳಲ್ಲಿ ತುಟಿಯವು ಮುಖ್ಯವಾದವು. ಅಮ್ಮ, ಅಪ್ಪ ಎಂಬ ಮಾತುಗಳು ತುಟಿಗಳ ಸೇರಿಕೆಯಿಂದಲೇ ಹುಟ್ಟುವುದು ಆಕಸ್ಮಿಕವಲ್ಲ.

13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಶಬ್ದೋತ್ಪತ್ತಿಯನ್ನು ವಿವರಿಸುವಾಗ, ಜೀವನ ಇಚ್ಛೆಯಿಂದ ನಾಭಿಮೂಲದಲ್ಲಿ ಗಾಳಿಯು ಪ್ರೇರಿತವಾಗಿ ಕಹಳೆಯ ರೀತಿಯಲ್ಲಿ ಶಬ್ದವು ಜನಿಸುವುದೆಂದು ತಿಳಿಸುತ್ತಾನೆ. ಅವನ ದೃಷ್ಟಿಯಲ್ಲಿ ಮಾತಿನ ಮೊದಲ ಕಾರಣವು ಬಾಯಿಯಲ್ಲ, ಜೀವನ ಇಚ್ಛೆ. ಬಾಯಿಯು ಅದಕ್ಕೆ ಆಕಾರ ಕೊಡುವ ಸ್ಥಾನ ಮಾತ್ರ. ಈ ವ್ಯಾಕರಣಸೂತ್ರದಲ್ಲಿ ಅಡಗಿರುವ ನೀತಿಯನ್ನು ಸಾಹಿತ್ಯವಿದ್ಯಾರ್ಥಿಗಳು ಗಮನಿಸಬೇಕು: ಆಡಿದ ಮಾತಿಗೆ ಹೊಣೆಗಾರನು ಇಚ್ಛಿಸಿದವನೇ ಹೊರತು ನಾಲಗೆಯಲ್ಲ.

ಷಡಕ್ಷರ ಮಂತ್ರವನ್ನೂ ಈ ದೃಷ್ಟಿಯಿಂದ ನೋಡಬಹುದು. ಓಂಕಾರವು ತೆರೆದ ಬಾಯಲ್ಲಿ ಆರಂಭವಾಗಿ ಮುಚ್ಚಿದ ತುಟಿಗಳಲ್ಲಿ ಮುಗಿಯುತ್ತದೆ. ನಕಾರವು ದಂತ್ಯ, ಮಕಾರವು ಓಷ್ಠ್ಯ, ವಿಸರ್ಗವು ಕಂಠ್ಯ, ಶಕಾರವು ತಾಲವ್ಯ, ವಕಾರವು ದಂತೋಷ್ಠ್ಯ, ಯಕಾರವು ಮತ್ತೆ ತಾಲವ್ಯ. ಮೂರ್ಧನ್ಯವೊಂದನ್ನುಳಿದು ಬಾಯಿಯ ಎಲ್ಲ ಸ್ಥಾನಗಳನ್ನೂ ಈ ಮಂತ್ರವು ಮುಟ್ಟಿಬರುತ್ತದೆ. ಅವಸರದಿಂದ ಜಪಿಸುವವನು ಈ ಸ್ಥಾನಭೇದಗಳನ್ನು ಅಳಿಸಿಬಿಡುತ್ತಾನೆ. ನಿಧಾನವಾಗಿ ಜಪಿಸುವವನ ಬಾಯಿಯೆಲ್ಲವೂ ಮಂತ್ರಮಯವಾಗುತ್ತದೆ.

ಪದ ಮತ್ತು ನುಡಿಗಟ್ಟು

ಹಳಗನ್ನಡದ ಬಾಯ್ ಎಂಬುದು ಇಂದಿನ ಬಾಯಿ. ತಮಿಳು ಮಲೆಯಾಳಗಳಲ್ಲಿ ಇದು ವಾಯ್, ತುಳುವಿನಲ್ಲಿ ಬಾಯಿ. ದ್ರಾವಿಡದ ಪದಾದಿ ವಕಾರವು ಕನ್ನಡದಲ್ಲಿ ಬಕಾರವಾಗುವುದು ನಿಯಮ: ತಮಿಳಿನ ವೇರ್, ವಿಲ್, ವೆಳ್ಳಿಗಳಿಗೆ ನಮ್ಮಲ್ಲಿ ಬೇರು, ಬಿಲ್ಲು, ಬೆಳ್ಳಿ. ತಮಿಳಿನಲ್ಲಿ ಬಾಗಿಲಿಗೆ ವಾಯಿಲ್ ಎನ್ನುತ್ತಾರೆ. ವಾಯ್ ಎಂದರೆ ಬಾಯಿ, ಇಲ್ ಎಂದರೆ ಮನೆ. ಬಾಗಿಲೆಂದರೆ ಮನೆಯ ಬಾಯಿ. ಕನ್ನಡದ ಬಾಗಿಲು ಇದೇ ಮನೆತನದ ಶಬ್ದ. ಬಾಯಿಯೊಳಗಿನ ಹಲ್ಲು ಕೂಡ ಹಿಂದೆ ಪಲ್ ಆಗಿತ್ತು. ಹತ್ತನೆಯ ಶತಮಾನದಿಂದೀಚೆಗೆ ಪಕಾರವು ಹಕಾರಕ್ಕೆ ತಿರುಗಿದಾಗ ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು. ಸಂಸ್ಕೃತದ ಮುಖ ಶಬ್ದವು ಬಾಯಿ ಎಂಬ ಅರ್ಥವನ್ನೂ ಮೋರೆ ಎಂಬ ಅರ್ಥವನ್ನೂ ಒಳಗೊಂಡಿದೆ. ಕನ್ನಡವು ಅದನ್ನು ಮೋರೆಗೆ ಉಳಿಸಿಕೊಂಡು, ಬಾಯಿಗೆ ತನ್ನ ಪದವನ್ನೇ ಇರಿಸಿಕೊಂಡಿತು.

ತೆರೆದಿರುವುದೆಲ್ಲಕ್ಕೂ ಕನ್ನಡಿಗನು ಬಾಯಿಯನ್ನು ಆರೋಪಿಸಿದ್ದಾನೆ. ಮಡಕೆಗೆ ಬಾಯಿಯುಂಟು, ಚೀಲಕ್ಕೆ ಬಾಯಿಯುಂಟು, ಬಾವಿಗೂ ಹುಣ್ಣಿಗೂ ಬಾಯಿಯುಂಟು. ನೀರಡಿಕೆಗೆ ಬಾಯಾರಿಕೆ ಎನ್ನುತ್ತೇವೆ. ಬಾಯಿ ಆರುವುದು, ಅಂದರೆ ಒಣಗುವುದು, ಎಂಬ ಪ್ರತ್ಯಕ್ಷವೇ ಅಲ್ಲಿ ಪದವಾಗಿದೆ. ಅನ್ನದ ಕಡೆಯಿಂದ ಹುಟ್ಟಿದ ನುಡಿಗಟ್ಟುಗಳು ಒಂದು ಬಗೆಯವು. ಬಾಯಲ್ಲಿ ನೀರೂರುವುದು ಆಸೆ, ಬಾಯಿಚಪಲವು ಅತಿಯಾಸೆ, ಹೊಟ್ಟೆ ಬಾಯಿ ಕಟ್ಟುವುದು ತ್ಯಾಗ, ಒಬ್ಬನ ಬಾಯಿಗೆ ಮಣ್ಣು ಹಾಕುವುದು ಅವನ ಜೀವನೋಪಾಯವನ್ನು ಕೆಡಿಸುವುದು. ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚು, ದುಡಿಯುವ ಕೈಗಳು ಕಡಿಮೆ ಎನ್ನುವಾಗ ಮನುಷ್ಯನೇ ಬಾಯಿಯಾಗಿಬಿಡುತ್ತಾನೆ. ಮಾತಿನ ಕಡೆಯಿಂದ ಹುಟ್ಟಿದವು ಇನ್ನೊಂದು ಬಗೆಯವು. ಬಾಯಿಬಿಡುವುದು ಗುಟ್ಟನ್ನು ಹೊರಗೆಡಹುವುದು, ಬಾಯಿಹಾಕುವುದು ಪರರ ಮಾತಿನ ನಡುವೆ ನುಗ್ಗುವುದು. ಊರ ಬಾಯಿಗೆ ಬಿದ್ದವನು ಅಪವಾದಕ್ಕೆ ಗುರಿಯಾದವನು. ಬಾಯಿ ಬೆಲ್ಲ, ಕರುಳು ಕತ್ತರಿ ಎಂಬ ಗಾದೆಯು ಕಪಟವನ್ನು ಬಯಲಿಗೆಳೆಯುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ಅಲ್ಪಜ್ಞನನ್ನು ಎಚ್ಚರಿಸುತ್ತದೆ.

ಬಾಯಿಪಾಠ ಮತ್ತು ಬಾಯಿಮಾತು ಎಂಬೆರಡು ಪದಗಳು ವಿಶೇಷ ವಿಚಾರಕ್ಕೆ ಅರ್ಹವಾಗಿವೆ. ಮೊದಲನೆಯದು ಗೌರವದ ಪದ. ಓದು ಕಲಿಯದಿದ್ದರೂ ಕಾವ್ಯಪ್ರಯೋಗದಲ್ಲಿ ಪರಿಣತರಾದ ಜನರು ಕನ್ನಡನಾಡಿನಲ್ಲಿದ್ದಾರೆಂದು 9ನೆಯ ಶತಮಾನದ ಕವಿರಾಜಮಾರ್ಗವು ಹೊಗಳುವುದು ಇಂತಹ ಬಾಯಿಯ ವಿದ್ಯೆಯನ್ನೇ. ಎರಡನೆಯದು ಶಂಕೆಯ ಪದ. ಬರಿಯ ಬಾಯಿಮಾತು ಎಂದರೆ ಹಿಂದೆ ನಡೆಯಿಲ್ಲದ ನುಡಿ. ಒಂದೇ ಬಾಯಿಗೆ ಭಾಷೆಯು ಇಷ್ಟು ಮರ್ಯಾದೆಯನ್ನೂ ಇಷ್ಟು ಅವಿಶ್ವಾಸವನ್ನೂ ಕೊಟ್ಟಿದೆ. ಇವೆರಡನ್ನೂ ತೂಗಿದ ಗಾದೆಯೊಂದಿದೆ: ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಬಾಯಿಯ ಎರಡು ಕಾರ್ಯಗಳನ್ನೂ ಒಂದೇ ಉಸಿರಿನಲ್ಲಿ ಹೇಳಿ, ಎರಡಕ್ಕೂ ಬೇಕಾದುದು ಅರಿವೊಂದೇ ಎಂದು ಜನಪದವು ತೀರ್ಮಾನಿಸಿದೆ.

ಶರಣರ ದೃಷ್ಟಿ

ಈ ಅರಿವು ಯಾವುದು ಎಂಬ ಪ್ರಶ್ನೆಗೆ ವೀರಶೈವ ಸಿದ್ಧಾಂತವು ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಷಟ್‌ಸ್ಥಲ ಪ್ರಕ್ರಿಯೆಯಲ್ಲಿ ಇಂದ್ರಿಯಗಳನ್ನು ಕೊಲ್ಲಬೇಕೆಂದು ಹೇಳಿಲ್ಲ, ಅವನ್ನು ಲಿಂಗಮುಖಗಳನ್ನಾಗಿ ಮಾಡಬೇಕೆಂದು ಹೇಳಿದೆ. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ನಾಲಗೆಗೆ ತಾಗುವ ರಸವು ಗುರುಲಿಂಗಕ್ಕೆ ಅರ್ಪಿತವಾಗಿ, ಬಳಿಕ ಪ್ರಸಾದವಾಗಿ ಭಕ್ತನಿಗೆ ಒದಗುತ್ತದೆ. ಹಾಗಾಗಿ ರುಚಿಯನ್ನು ನಿಂದಿಸಬೇಕಾಗಿಲ್ಲ, ಅದನ್ನು ತನ್ನದೆಂದು ಕಸಿದುಕೊಳ್ಳದಿದ್ದರೆ ಸಾಕು. ಅಷ್ಟಾವರಣಗಳಲ್ಲಿ ಪಾದೋದಕ, ಪ್ರಸಾದ, ಮಂತ್ರಗಳೆಂಬ ಮೂರು ಬಾಯಿಗೆ ಸಂಬಂಧಪಟ್ಟವು. ಮೊದಲಿನೆರಡು ಬಾಯಿಯಿಂದ ಒಳಗೆ ಹೋಗುತ್ತವೆ. ಗುರುವು ಕಿವಿಯಲ್ಲಿ ಅರುಹಿದ ಮಂತ್ರವು ಬಾಯಿಯಿಂದ ಹೊರಹೊಮ್ಮುತ್ತದೆ. ಪ್ರಸಾದ ಹೋದ ದಾರಿಯಲ್ಲಿ ಪರನಿಂದೆ ಬರುವುದಾದರೆ ಆ ದಾರಿಯ ಪಾವಿತ್ರ್ಯವೆಲ್ಲಿ ಉಳಿಯಿತು ಎಂದು ಪ್ರತಿಯೊಬ್ಬ ಭಕ್ತನೂ ತನ್ನನ್ನು ತಾನೇ ಕೇಳಿಕೊಳ್ಳಬೇಕಾಗಿದೆ.

ವಚನ ಎಂಬ ಶಬ್ದಕ್ಕೆ ಆಡಿದ ಮಾತೆಂಬುದೇ ಅರ್ಥ. ವಚನ ಕೊಡುವುದೆಂದರೆ ಭಾಷೆ ಕೊಡುವುದು ಎಂಬ ಅರ್ಥವೂ ಅದಕ್ಕಿದೆ. ಶರಣರ ಸಾಹಿತ್ಯವು ಈ ಎರಡೂ ಅರ್ಥಗಳಲ್ಲಿ ವಚನ. ನುಡಿಗೆ ಲಿಂಗದ ಒಪ್ಪಿಗೆ ಬೇಕು, ನುಡಿಗೆ ತಕ್ಕ ನಡೆ ಬೇಕು ಎಂಬುದು ಬಸವಣ್ಣನವರ ನಿಲುವು. ಇದಕ್ಕಿಂತಲೂ ಮಹತ್ತ್ವದ ಸಂಗತಿಯೊಂದಿದೆ. ತನ್ನ ಪರವಾಗಿ ಹೇಳಿಕೊಳ್ಳಲಾರದವನನ್ನು ಕನ್ನಡವು ಬಾಯಿಲ್ಲದವನು ಎನ್ನುತ್ತದೆ. 12ನೆಯ ಶತಮಾನದಲ್ಲಿ ಇಂತಹ ಬಾಯಿಲ್ಲದವರು ಬಾಯ್ದೆರೆದರು. ಕಾಯಕಜೀವಿಗಳು ವಚನಕಾರರಾದರು, ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರು ವಚನಗಳನ್ನು ರಚಿಸಿದರು. ಅವರಲ್ಲಿ ಆಯ್ದಕ್ಕಿ ಲಕ್ಕಮ್ಮನ ನಿದರ್ಶನವು ನಮ್ಮ ವಿಷಯಕ್ಕೆ ಬಹಳ ಒಪ್ಪುತ್ತದೆ. ಪತಿಯಾದ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಕೆ ಅದನ್ನು ಒಲ್ಲದೆ, ಹೆಚ್ಚಾದುದನ್ನು ತಂದೆಡೆಯಲ್ಲಿಯೇ ಸುರಿದು ಬರುವಂತೆ ಹೇಳಿದಳು. ಬೇಕಾದಷ್ಟನ್ನೇ ಒಳಗೆ ಬಿಟ್ಟುಕೊಳ್ಳುವ ಸಂಯಮವೂ, ಬೇಕಾದುದನ್ನು ಅಂಜದೆ ಹೊರಗೆ ಆಡುವ ಧೈರ್ಯವೂ ಅಲ್ಲಿ ಒಂದೇ ಬಾಯಿಯಲ್ಲಿ ಕೂಡಿಬಂದವು. ಮಿತಾಹಾರ ಸತ್ಯವಾಕ್ಯಗಳು ಎರಡು ವ್ರತಗಳಲ್ಲ, ಒಂದೇ ವ್ರತದ ಎರಡು ಮುಖಗಳೆಂಬುದನ್ನು ಆ ಬಡ ಮನೆಯು ತೋರಿಸಿಕೊಟ್ಟಿತು.

ಇಂದಿನ ಎಚ್ಚರ

ಕೊನೆಯದಾಗಿ ಒಂದು ಲೌಕಿಕ ವಿಚಾರವನ್ನು ಹೇಳದೆ ಬಿಡಲಾಗದು. ತಂಬಾಕನ್ನು ಅಗಿಯುವ ಅಭ್ಯಾಸವು ನಮ್ಮ ಹಳ್ಳಿ ಪಟ್ಟಣಗಳಲ್ಲಿ ಬಾಯಿಯ ಅರ್ಬುದರೋಗಕ್ಕೆ ಪ್ರಬಲ ಕಾರಣವಾಗಿದೆ. ತಂಬಾಕಿಲ್ಲದ ಅಡಿಕೆಯೂ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವರ್ಗೀಕರಿಸಿದೆ. ಕರ್ನಾಟಕ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಸದಾ ಅಡಿಕೆಯನ್ನು ಅಗಿಯುವವರಿಗೆ ಬರುವ ರೋಗವೊಂದರಲ್ಲಿ ಕೆನ್ನೆಯ ಒಳಪದರವು ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗುತ್ತಾ ಹೋಗುತ್ತದೆ. ತುತ್ತೂ ಹೋಗದು, ಮಾತೂ ಬಾರದು. ಬಾಯಲ್ಲಿ ವಾಸಿಯಾಗದೆ ಎರಡು ಮೂರು ವಾರ ಉಳಿದ ಹುಣ್ಣನ್ನೋ ಬಿಳಿಯ ಕೆಂಪು ಕಲೆಯನ್ನೋ ಕಂಡವರು ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ಮೊದಲಲ್ಲಿಯೇ ಕಂಡುಹಿಡಿದರೆ ಗುಣಪಡಿಸುವ ಸಾಧ್ಯತೆ ಹೆಚ್ಚು. ದೇಹವೇ ದೇಗುಲವೆಂದು ನಂಬಿದ ಪರಂಪರೆಯವರು ಅದರ ಮಹಾದ್ವಾರವು ಕೆಡುವುದನ್ನು ನೋಡುತ್ತ ಕುಳಿತುಕೊಳ್ಳುವುದು ಧರ್ಮವಾಗದು.

ಒಳಗೆ ಹೋಗುವ ತುತ್ತು ಪ್ರಸಾದವಾಗಲಿ, ಹೊರಗೆ ಬರುವ ಮಾತು ವಚನವಾಗಲಿ. ಎರಡರ ನಡುವೆ ತುಟಿಗಳು ಮುಚ್ಚಿರುವಷ್ಟು ಹೊತ್ತು ಮೌನವು ನೆಲಸಲಿ. ಬಾಯಿಯನ್ನು ಪಡೆದುದಕ್ಕೆ ಇದಕ್ಕಿಂತ ಹೆಚ್ಚಿನ ಸಾರ್ಥಕ್ಯವಿಲ್ಲ.